ಮ್ಯಾನೇಜ್‌ಮೆಂಟ್ ಬಿಗಿಯಾದರೆ ಪಾಠ ಚೆನ್ನಾಗುತ್ತದೆಯೇ?

ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಮಕ್ಕಳಿಗೆ ಶಾಲೆ ಹುಡುಕುವ ನಮ್ಮ ಕನ್ನಡದ ಮನೆಗಳಲ್ಲಿ ಒಂದು ಸರ್ಟಿಫಿಕೇಟು ಬಹಳ ಚಾಲ್ತಿಯಲ್ಲಿದೆ: "ಅಲ್ಲಿ ಮ್ಯಾನೇಜ್‌ಮೆಂಟ್ ತುಂಬಾ ಸ್ಟ್ರಿಕ್ಟು ಕಣ್ರೀ. ಕ್ಲಾಸಿಗೊಂದು ಸಿಸಿಟಿವಿ. ಟೀಚರ್ ಕುರ್ಚಿ ಮೇಲೆ ಕೂರೋ ಹಾಗೇ ಇಲ್ಲ." ಟೀಚರ ಕುರ್ಚಿ ಕಿತ್ತುಕೊಂಡರೆ ಮಗುವಿಗೆ ಮಗ್ಗಿ ಹೇಗೆ ಬರುತ್ತದೋ, ಯಾರೂ ಬಿಡಿಸಿ ಹೇಳುವುದಿಲ್ಲ.

ಭಯವಿದ್ದರೆ ಹಾಜರಿ ಬರುತ್ತದೆ, ಒಪ್ಪೋಣ. ಹಾಜರಿಯಿಂದಲೇ ಕಲಿಕೆ ಬರುವುದಿಲ್ಲ. ಇದನ್ನು ಒರೆಗೆ ಹಚ್ಚಿದ್ದು ಅವಿಭಜಿತ ಆಂಧ್ರದ ಹಳ್ಳಿಗಳಲ್ಲೇ. ಕಾರ್ತಿಕ್ ಮುರಳೀಧರನ್, ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು 2008ರಿಂದ ಲಾಟರಿ ಎತ್ತಿ ಒಂದಷ್ಟು ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸಿ ನೋಡಿದರು. ಅಲ್ಲಿ ಶಿಕ್ಷಕರ ಗೈರುಹಾಜರಿ ಕಡಿಮೆ, ಖರ್ಚೂ ಕಡಿಮೆ. ಆದರೂ ನಾಲ್ಕು ವರ್ಷದ ಮೇಲೆ ತೆಲುಗಿನಲ್ಲಿ, ಗಣಿತದಲ್ಲಿ ಆ ಮಕ್ಕಳು ಸರ್ಕಾರಿ ಶಾಲೆಯವರಿಗಿಂತ ಮುಂದೆ ಹೋಗಿರಲಿಲ್ಲ. ಮುಂದೆ ಹೋಗಿದ್ದು ಹಿಂದಿಯಲ್ಲಿ. ಅದರಲ್ಲಿ ಪವಾಡವೇನಿಲ್ಲ, ವೇಳಾಪಟ್ಟಿಯಲ್ಲಿ ಹಿಂದಿ ಪೀರಿಯಡ್ ಇತ್ತು.

ಅದೇ ಇಬ್ಬರು 2005ರಲ್ಲಿ ಶುರುಮಾಡಿದ ಇನ್ನೊಂದು ಪ್ರಯೋಗವಿದೆ. ಮಕ್ಕಳ ಕಲಿಕೆ ಸುಧಾರಿಸಿದರೆ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಬೋನಸ್. ಅಂಕ ಏರಿತು, ಶಿಕ್ಷಕರ ಹಾಜರಿ ಮಾತ್ರ ಇದ್ದಲ್ಲೇ ಇತ್ತು. ಬಂದ ದಿನ ಹೆಚ್ಚುವರಿ ಕ್ಲಾಸು ತೆಗೆದುಕೊಂಡರು, ಹೋಂವರ್ಕ್ ಕೊಟ್ಟರು, ಅಷ್ಟೇ.

ಆಡಳಿತದ ಕೈ ನಿಜಕ್ಕೂ ಇರುವುದು ಶಿಕ್ಷಕರ ಸಮಯದ ಮೇಲೆ. ಬಿಡುವಿಲ್ಲದ ಪೀರಿಯಡ್‌ಗಳು, ನಡುವೆ ಫೀಸು ಬಾಕಿಯವರಿಗೆ ಫೋನು, ಬೇಸಿಗೆಯಲ್ಲಿ ಮನೆಮನೆ ಅಲೆದು ಅಡ್ಮಿಷನ್ ಹಿಡಿಯುವ ಕೆಲಸ. ಇಷ್ಟಾದ ಮೇಲೆ ನೋಟ್‌ಬುಕ್ ತಿದ್ದುವುದು ಯಾವಾಗ? ಸರ್ಕಾರವೆಂಬ ಆಡಳಿತ ಮಂಡಳಿಯೂ ಕಡಿಮೆಯೇನಲ್ಲ. 2024ರ ನವೆಂಬರ್‌ನಲ್ಲಿ ತೆಲಂಗಾಣ ತನ್ನ ಪ್ರಾಥಮಿಕ ಶಿಕ್ಷಕರನ್ನು ಮನೆಮನೆ ಸಮೀಕ್ಷೆಗೆ ಕಳಿಸಿ ಶಾಲೆಗಳನ್ನು ಅರ್ಧ ದಿನ ಮಾಡಿತು. 2025ರಲ್ಲಿ ಕರ್ನಾಟಕ ಇಂಥದೇ ಕೆಲಸಕ್ಕೆ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆಯಿತು.

ಸರ್ಕಾರಿ ಮೇಷ್ಟ್ರು ಶಾಲೆಗೇ ಬರುವುದಿಲ್ಲವಂತೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2017ರಲ್ಲಿ ಆರು ರಾಜ್ಯಗಳಲ್ಲಿ ಎಣಿಸಿದಾಗ ಕಾರಣವಿಲ್ಲದೆ ಗೈರಾಗಿದ್ದವರು ಶೇ. 2.5. ಖಾಸಗಿ ಟೀಚರಿಗೆ ಒಳ್ಳೆ ಸಂಬಳವೂ ಇದೆಯಂತೆ. ಹಾಗಿದ್ದರೆ 2021ರ ಏಪ್ರಿಲ್‌ನಲ್ಲಿ, ಕೋವಿಡ್‌ಗೆ ಶಾಲೆ ಮುಚ್ಚಿದ್ದಾಗ, ತೆಲಂಗಾಣ ಸರ್ಕಾರ ಅವರಿಗೆ ತಿಂಗಳಿಗೆ 2,000 ರೂಪಾಯಿ, 25 ಕೆಜಿ ಅಕ್ಕಿ ಕೊಡಬೇಕಾಗಿ ಬಂದದ್ದೇಕೆ?

ಮೆಹದಿಪಟ್ಟಣಂ ರೈತು ಬಜಾರಿನಲ್ಲಿ ಟೊಮೆಟೊ ಒಂದೊಂದನ್ನೂ ಒತ್ತಿ ನೋಡಿ ಆರಿಸುವವರು, ಶಾಲೆಯ ವಿಷಯದಲ್ಲಿ ಬ್ಯಾನರ್ ಮೇಲಿನ ಕ್ಯಾಮೆರಾ ಚಿತ್ರ ನೋಡಿ ದುಡ್ಡು ಕಟ್ಟಿ ಬರುತ್ತಾರೆ. ಮುಂದಿನ ಸಲ ಕ್ಯಾಮೆರಾ ಎಣಿಸಬೇಡಿ. ಮೂರನೇ ಕ್ಲಾಸಿನ ಟೀಚರ್ ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ, ದಿನಕ್ಕೆ ಎಷ್ಟು ಪೀರಿಯಡ್ ತೆಗೆದುಕೊಳ್ಳುತ್ತಾರೆ, ಸಂಬಳ ತಿಂಗಳು ತಿಂಗಳು ಸಿಗುತ್ತಿದೆಯೇ ಎಂದು ಕೇಳಿ.