ನೆಲ ಬದಲಾದಾಗ ಮನೆ

ಉತ್ತರ ಕನ್ನಡ ಜಿಲ್ಲೆಯ ಸೂಪಾ ಎಂಬ ಊರು ಇಂದು ಕಾಳಿ ನದಿಯ ಜಲಾಶಯದ ಒಡಲಿನಲ್ಲಿದೆ. ಗಣೇಶಗುಡಿಯ ಬಳಿ 101 ಮೀಟರು ಎತ್ತರದ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ಅದರ ಹಿಂದೆ ನಿಂತ ನೀರಿನಲ್ಲಿ ಊರು ಮುಳುಗಿತು. ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಹೋಯಿತು. ನೆಲೆ ಕಳೆದುಕೊಂಡ ಅನೇಕ ಕುಟುಂಬಗಳಿಗೆ ರಾಮನಗರದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಹೀಗೆ ಒಂದು ಊರು ಎದ್ದು ಇನ್ನೊಂದೆಡೆ ನೆಲೆಸಬೇಕಾದಾಗ ಕೆಲವು ಸಂಗತಿಗಳು ಜೊತೆಗೆ ಬರುತ್ತವೆ, ಕೆಲವು ಬರುವುದಿಲ್ಲ. ಪಾತ್ರೆಪಡಗ, ತೊಲೆ, ಬಾಗಿಲು, ದೇವರ ಮೂರ್ತಿ, ಕಾಗದಪತ್ರಗಳನ್ನು ಹೊತ್ತು ತರಬಹುದು. ಬಾವಿಯನ್ನಾಗಲಿ ಅಡಿಪಾಯವನ್ನಾಗಲಿ ತರಲಾಗದು. ಹೊಸ ನೆಲದ ಗುಣವನ್ನು ನೋಡಿ ಅವನ್ನು ಹೊಸದಾಗಿಯೇ ತೋಡಬೇಕು, ಕಟ್ಟಬೇಕು.

ಗಣಕಯಂತ್ರಗಳ ಲೋಕದಲ್ಲಿ ಇದನ್ನು ಹೋಲುವ ಕಾರ್ಯವೊಂದಿದೆ. ಅದಕ್ಕೆ ಪೋರ್ಟಿಂಗ್ ಎಂದು ಹೆಸರು. ಒಂದು ವ್ಯವಸ್ಥೆಯ ಮೇಲೆ ನಡೆಯುತ್ತಿರುವ ತಂತ್ರಾಂಶವನ್ನು ಬೇರೊಂದು ವ್ಯವಸ್ಥೆಯ ಮೇಲೆ ನೆಲೆಗೊಳಿಸುವುದೇ ಈ ಕಾರ್ಯ. ಹೋಲಿಕೆಗೆ ಒಂದು ಮಿತಿಯುಂಟು: ಮುಳುಗಡೆಯಲ್ಲಿ ಮನುಷ್ಯರು ಕಳೆದುಕೊಳ್ಳುವುದನ್ನು ಯಾವ ಯಂತ್ರವೂ ಕಳೆದುಕೊಳ್ಳುವುದಿಲ್ಲ, ತಂತ್ರಾಂಶದ ಮೂಲಪ್ರತಿ ಇದ್ದಲ್ಲಿಯೇ ಇರುತ್ತದೆ. ಆದರೂ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ನಾವು ಪತ್ರ ಬರೆಯಲು, ಲೆಕ್ಕ ಇಡಲು ಬಳಸುವ ತಂತ್ರಾಂಶ ಯಂತ್ರವನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಆಪರೇಟಿಂಗ್ ಸಿಸ್ಟಮ್, ಎಂದರೆ ಕಾರ್ಯಾಚರಣ ವ್ಯವಸ್ಥೆ ಇರುತ್ತದೆ. ಕಡತವನ್ನು ತೆರೆ, ಇಲ್ಲೊಂದು ಗೆರೆಯನ್ನು ಎಳೆ, ಯಾವ ಕೀಲಿಯನ್ನು ಒತ್ತಿದರೆಂದು ತಿಳಿಸು ಎಂದು ತಂತ್ರಾಂಶವು ಅದನ್ನು ಕೇಳಿಕೊಳ್ಳುತ್ತದೆ. ಕೇಳುವ ಕ್ರಮ ಮಾತ್ರ ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ಬಗೆ. ವಿಂಡೋಸಿನ ರೀತಿಯಲ್ಲಿ ಕೇಳಲು ಕಲಿತ ತಂತ್ರಾಂಶವನ್ನು ಬೇರೆಡೆಗೆ ಒಯ್ದರೆ ಅದರ ಮಾತು ಅಲ್ಲಿ ಯಾರಿಗೂ ಅರ್ಥವಾಗದು.

ಇಂತಹ ಸ್ಥಳಾಂತರಕ್ಕೆ ಒಳ್ಳೆಯ ಉದಾಹರಣೆ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶ. ಇದರ ಮೂಲ 1985ರಲ್ಲಿ ಜರ್ಮನಿಯ ಲ್ಯೂನೆಬುರ್ಗ್ ಪಟ್ಟಣದಲ್ಲಿ ಮಾರ್ಕೊ ಬೋರಿಸ್ ಎಂಬ ಹದಿಹರೆಯದ ಹುಡುಗ ಆರಂಭಿಸಿದ ಸ್ಟಾರ್ ಡಿವಿಷನ್ ಸಂಸ್ಥೆಯಲ್ಲಿದೆ. 1999ರಲ್ಲಿ ಅಮೆರಿಕದ ಸನ್ ಸಂಸ್ಥೆ ಅದನ್ನು ಕೊಂಡಿತು. 2000ದಲ್ಲಿ ಅದರ ಆಕರ ಸಂಕೇತವನ್ನು ಓಪನ್ಆಫೀಸ್ ಎಂಬ ಹೆಸರಿನಲ್ಲಿ ಲೋಕದ ಮುಂದಿರಿಸಿತು. ಆಕರ ಸಂಕೇತವೆಂದರೆ ತಂತ್ರಾಂಶವನ್ನು ಕಟ್ಟಿದವರು ಬರೆದ ಮೂಲ ಬರಹ, ಮನೆಯ ನಕ್ಷೆಯಿದ್ದಂತೆ. ಅದನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂದು ಅನುಮತಿ ಕೊಟ್ಟರೆ ಅದು ಮುಕ್ತ ತಂತ್ರಾಂಶ. 2010ರಲ್ಲಿ ಸನ್ ಸಂಸ್ಥೆ ಒರಾಕಲ್‌ನ ಕೈಸೇರಿದಾಗ ಸ್ವಯಂಸೇವಕರು ಅದೇ ನಕ್ಷೆಯನ್ನು ಹಿಡಿದು ಬೇರೆ ಮನೆ ಹೂಡಿದರು. ಅದೇ ಲಿಬ್ರೆಆಫೀಸ್.

ಈ ತಂತ್ರಾಂಶ ಹೋಗಿ ನೆಲೆಸಿದ ಒಂದು ಚಿಕ್ಕ ಊರಿನ ಹೆಸರು ಹೈಕು. 1990ರಲ್ಲಿ ಸ್ಥಾಪನೆಯಾದ ಬಿ ಎಂಬ ಸಂಸ್ಥೆ ಬಿಓಎಸ್ ಎಂಬ ಚುರುಕಾದ ಕಾರ್ಯಾಚರಣ ವ್ಯವಸ್ಥೆಯನ್ನು ರೂಪಿಸಿತ್ತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ; 2001ರಲ್ಲಿ ಸಂಸ್ಥೆಯ ಸ್ವತ್ತು ಪಾಮ್ ಎಂಬ ಕಂಪನಿಗೆ ಮಾರಾಟವಾಯಿತು. ಆ ವ್ಯವಸ್ಥೆಯನ್ನು ಮೆಚ್ಚಿದ್ದ ಕೆಲವರು ಅದೇ ವರ್ಷ ಅದನ್ನು ಮೊದಲಿನಿಂದ ಮುಕ್ತವಾಗಿ ಬರೆಯಲು ತೊಡಗಿದರು. 2004ರಲ್ಲಿ ಅದಕ್ಕೆ ಹೈಕು ಎಂದು ಹೆಸರಾಯಿತು. ಬಿಓಎಸ್‌ನ ಜಾಲವೀಕ್ಷಕವು ತಪ್ಪು ಸಂಭವಿಸಿದಾಗ ಜಪಾನೀ ಹೈಕು ಪದ್ಯದ ರೂಪದಲ್ಲಿ ಸಂದೇಶ ತೋರಿಸುತ್ತಿತ್ತು. ಆ ನೆನಪು ಈ ಹೆಸರಿನಲ್ಲಿದೆ. ಹೈಕುವಿನ ಮೊದಲ ಬೀಟಾ ಆವೃತ್ತಿ ಹೊರಬಂದ 2018ರಲ್ಲಿಯೇ ಲಿಬ್ರೆಆಫೀಸ್ ಅದರ ಮೇಲೆ ನಡೆಯತೊಡಗಿತು.

ಈ ಕಾರ್ಯದ ಕಷ್ಟವೆಲ್ಲಿ? ಹತ್ತಾರು ಲಕ್ಷ ಸಾಲುಗಳ ಬರಹವನ್ನು ಸಾಲುಸಾಲಾಗಿ ತಿದ್ದಬೇಕಾಗಿದ್ದರೆ ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ಸ್ಟಾರ್ ಡಿವಿಷನ್ನಿನವರು ಹಲವು ವ್ಯವಸ್ಥೆಗಳಿಗಾಗಿ ಬರೆಯುತ್ತಿದ್ದುದರಿಂದ ಮನೆಯನ್ನು ಪದರಪದರವಾಗಿ ಕಟ್ಟಿದ್ದರು. ಕಡತ, ಸ್ಮೃತಿ, ಗಡಿಯಾರಗಳನ್ನು ಕುರಿತ ಬೇಡಿಕೆಗಳೆಲ್ಲ ಒಂದು ಪದರದ ಮೂಲಕ ಹಾಯುತ್ತವೆ. ಕಿಟಕಿ, ಗುಂಡಿ, ಅಕ್ಷರಗಳನ್ನು ತೆರೆಯ ಮೇಲೆ ಬಿಡಿಸುವ ಕಾರ್ಯ ಇನ್ನೊಂದು ಪದರದ ಮೂಲಕ. ವ್ಯಾಕರಣ, ಕೋಷ್ಟಕ, ಪುಟವಿನ್ಯಾಸಗಳನ್ನು ನೋಡಿಕೊಳ್ಳುವ ಮೇಲಿನ ಭಾಗಕ್ಕೆ ತಾನು ಯಾವ ನೆಲದ ಮೇಲೆ ನಿಂತಿದ್ದೇನೆಂದು ತಿಳಿಯಬೇಕಾಗಿಯೇ ಇಲ್ಲ. ಹೊಸದಾಗಿ ಕಟ್ಟಬೇಕಾದದ್ದು ಬಹುಮಟ್ಟಿಗೆ ಅಡಿಪಾಯ ಮಾತ್ರ.

ಮೊದಲ ಪದರ ಹೆಚ್ಚು ತೊಡಕಿನದಲ್ಲ; ಯೂನಿಕ್ಸ್ ಪರಂಪರೆಯ ಪಾಸಿಕ್ಸ್ ಎಂಬ ಸಾಮಾನ್ಯ ಕಟ್ಟಳೆಗಳನ್ನು ಹೈಕು ಕೂಡ ಪಾಲಿಸುತ್ತದೆ. ತೊಡಕು ಎರಡನೆಯದರಲ್ಲಿ. ಹೈಕುವಿನಲ್ಲಿ ಪ್ರತಿಯೊಂದು ಕಿಟಕಿಗೂ ತನ್ನದೇ ಒಬ್ಬ ಪರಿಚಾರಕನಿದ್ದಾನೆ; ಎಲ್ಲರೂ ಏಕಕಾಲದಲ್ಲಿ ದುಡಿಯುತ್ತಾರೆ. ಲಿಬ್ರೆಆಫೀಸಿನಲ್ಲಾದರೋ ಇಡೀ ಮನೆಗೆ ಒಂದೇ ಬೀಗದ ಕೈ. ಅದಕ್ಕೆ ಸೋಲಾರ್ ಮ್ಯೂಟೆಕ್ಸ್ ಎಂದು ಹೆಸರು. ಕೈ ಹಿಡಿದವನೇ ಆ ಕ್ಷಣಕ್ಕೆ ಕೆಲಸ ಮಾಡಬಲ್ಲ. ಪರಿಚಾರಕ ಬೀಗದ ಕೈಗಾಗಿ ಕಾಯುತ್ತಾ, ಕೈ ಹಿಡಿದವನು ಪರಿಚಾರಕನಿಗಾಗಿ ಕಾಯುತ್ತಾ ನಿಂತರೆ ಇಬ್ಬರೂ ಅಲ್ಲಿಯೇ ಸ್ತಬ್ಧರಾಗುತ್ತಾರೆ. ಇದಕ್ಕೆ ಕಂಡುಕೊಂಡ ದಾರಿ ಸರಳವಾಗಿದೆ. ಕ್ಯೂಟಿ ಎಂಬ ಇನ್ನೊಂದು ಮುಕ್ತ ತಂತ್ರಾಂಶವನ್ನು ಹೈಕುವಿಗೆ ಮೊದಲೇ ತರಲಾಗಿತ್ತು. ಕಿಟಕಿಗಳನ್ನು ನಿರ್ವಹಿಸುವುದೇ ಅದರ ಕೆಲಸ. ಲಿಬ್ರೆಆಫೀಸಿಗೂ ಕ್ಯೂಟಿಯೊಡನೆ ಮಾತಾಡುವುದು ಗೊತ್ತಿತ್ತು. ಹೀಗೆ ಇಬ್ಬರಿಗೂ ಪರಿಚಿತನಾದ ದುಭಾಷಿಯೊಬ್ಬ ದೊರೆತಂತಾಯಿತು. ಮೊದಲು ಬಂದವರು ತೋಡಿದ ಬಾವಿಯಲ್ಲಿ ಅನಂತರ ಬಂದವರು ನೀರು ಸೇದುವುದು ವಲಸೆಯ ಊರುಗಳಲ್ಲಿಯೂ ಇರುವ ಪದ್ಧತಿ.

ಹಳೆಯ ಮನೆಯನ್ನು ತಿಳಿಯುವುದೂ ಒಂದು ಶ್ರಮವೇ. ಆಕರ ಸಂಕೇತದ ನಡುನಡುವೆ ಮೊದಲಿನವರು ಬರೆದಿಟ್ಟ ಟಿಪ್ಪಣಿಗಳು ಜರ್ಮನ್ ಭಾಷೆಯಲ್ಲಿದ್ದವು. ಸ್ವಯಂಸೇವಕರು ವರ್ಷಗಟ್ಟಲೆ ಕುಳಿತು ಅವನ್ನು ಇಂಗ್ಲಿಷಿಗೆ ತಂದರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಪ್ರದೇಶದ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಕಾಗದಗಳನ್ನು ಕಂಡವರಿಗೆ ಈ ಶ್ರಮದ ಬೆಲೆ ಗೊತ್ತಾದೀತು. ಕಾಗದ ಇದ್ದರೆ ಸಾಲದು, ಓದುವವರೂ ಬೇಕು.

ಇನ್ನು ಕನ್ನಡದ ಮಾತು. ‘ಶಕ್ತಿ’ ಎಂಬ ಪದವನ್ನು ನೋಡಿ. ಉಚ್ಚಾರಣೆಯಲ್ಲಿ ಇಕಾರವು ತಕಾರದ ಅನಂತರ ಬರುತ್ತದೆ. ಬರಹದಲ್ಲಾದರೋ ಗುಡಿಸು ಕಕಾರದ ತಲೆಯ ಮೇಲೆ ಕೂರುತ್ತದೆ, ತಕಾರವು ಕೆಳಗಿಳಿದು ಒತ್ತಾಗುತ್ತದೆ. ಯಂತ್ರವು ನೆನಪಿನಲ್ಲಿಡುವುದು ಉಚ್ಚಾರಣೆಯ ಕ್ರಮವನ್ನು, ತೆರೆಯ ಮೇಲೆ ತೋರಿಸಬೇಕಾದದ್ದು ಬರಹದ ಕ್ರಮವನ್ನು. ಈ ಮಾರ್ಪಾಟನ್ನು ಮಾಡುವ ತಂತ್ರಾಂಶದ ಹೆಸರು ಹಾರ್ಫ್‌ಬಜ್. 2017ರಲ್ಲಿ ಹೊರಬಂದ 5.3ನೆಯ ಆವೃತ್ತಿಯಿಂದ ಲಿಬ್ರೆಆಫೀಸು ಎಲ್ಲ ವ್ಯವಸ್ಥೆಗಳಲ್ಲಿಯೂ ಇದನ್ನೇ ಬಳಸುತ್ತದೆ. ಆದಕಾರಣ ಕನ್ನಡದ ಒತ್ತಕ್ಷರಗಳ ಜ್ಞಾನವು ನೆಲಕ್ಕೆ ಅಂಟಿಕೊಂಡಿಲ್ಲ, ಮನೆಯ ಜೊತೆಗೇ ಪ್ರಯಾಣ ಮಾಡುತ್ತದೆ.

ಇದು ಸಣ್ಣ ಸಂಗತಿಯಲ್ಲ. ಯೂನಿಕೋಡ್ ನಮ್ಮಲ್ಲಿ ರೂಢಿಗೆ ಬರುವ ಮೊದಲು ಕನ್ನಡದ ಬೆರಳಚ್ಚೆಲ್ಲ ಬೇರೆ ಬಗೆಯದಾಗಿತ್ತು. ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತುಣುಕು ಚಿತ್ರಗಳನ್ನು ಕೂರಿಸಿದ ಫಾಂಟುಗಳಿದ್ದವು. ಬರಹ, ನುಡಿ ಮೊದಲಾದ ತಂತ್ರಾಂಶಗಳು ಆ ಕಾಲದಲ್ಲಿ ಹೀಗೆಯೇ ಕನ್ನಡಕ್ಕೆ ದೊಡ್ಡ ಸೇವೆ ಸಲ್ಲಿಸಿದವು. ಆದರೆ ಆ ಕಡತವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯಂತ್ರದೊಳಗೆ ಕನ್ನಡ ಇರಲೇ ಇಲ್ಲ, ಕನ್ನಡದ ಚಿತ್ರ ಮಾತ್ರ ಇತ್ತು. ಅಂತಹ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸದೆ ಬಿಟ್ಟರೆ ಅವು ನೀರಿಲ್ಲದೆಯೇ ಮುಳುಗುತ್ತವೆ.

ಬಿಓಎಸ್‌ಗೆ ಅದರದೇ ಒಂದು ಕಚೇರಿ ತಂತ್ರಾಂಶವಿತ್ತು. ಗೋಬಿ ಪ್ರೊಡಕ್ಟಿವ್ ಎಂದು ಹೆಸರು. ಬಳಸಿದವರು ಅದನ್ನು ಹೊಗಳುತ್ತಿದ್ದರು. ಅದರ ಆಕರ ಸಂಕೇತ ಮಾತ್ರ ಹೊರಗೆ ಬರಲಿಲ್ಲ. ಹಳೆಯ ಪ್ರತಿ ಸಿಕ್ಕಿದರೆ ಹೈಕುವಿನ 32 ಬಿಟ್ ರೂಪದ ಮೇಲೆ ಇಂದಿಗೂ ಅದನ್ನು ನಡೆಸಬಹುದು. ಆದರೆ ಅದರ ದೋಷಗಳನ್ನು ತಿದ್ದುವ, ಅದಕ್ಕೆ ಕನ್ನಡ ಕಲಿಸುವ ದಾರಿ ಸಾರ್ವಜನಿಕರಿಗೆ ಇಲ್ಲ. ಆ ನೆಲಕ್ಕೆಂದೇ ಹುಟ್ಟಿದ ತಂತ್ರಾಂಶ ಹಾಗೆ ನಿಂತುಹೋಯಿತು; ಪರಸ್ಥಳದಿಂದ ಬಂದದ್ದು ನಕ್ಷೆ ತೆರೆದಿದ್ದುದರಿಂದ ಬೇರು ಬಿಟ್ಟಿತು.

ಬಳಕೆದಾರರು ಇಷ್ಟು ಕಡಿಮೆಯಿರುವ ವ್ಯವಸ್ಥೆಗಾಗಿ ಇಷ್ಟೊಂದು ಶ್ರಮವೇಕೆ ಎಂದು ಕೇಳುವವರುಂಟು. ಜೋಯಿಡಾದ ಕಾಡುಗಳ ನಡುವೆ ಕುಣಬಿಗಳು, ಸಿದ್ದಿಗಳು ಆಡುವ ನುಡಿಗಳಿಗೂ ಈ ಪ್ರಶ್ನೆಯನ್ನು ಹಾಕುವವರಿದ್ದಾರೆ. ಒಂದು ಕಾಲಕ್ಕೆ ಗಣಕದಲ್ಲಿ ಕನ್ನಡವೇಕೆ ಎಂದೂ ಕೇಳಿದ್ದರು. ಎಣಿಕೆಯಲ್ಲಿ ಕಡಿಮೆಯಿರುವವರು ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಲು ಯಾರ ಅನುಮತಿಯನ್ನೂ ಬೇಡಬೇಕಾಗಿಲ್ಲ ಎಂಬುದೇ ಮುಕ್ತ ತಂತ್ರಾಂಶದ ತಿರುಳು. ನಾಳೆ ಯಾವ ಕಂಪನಿ ಮುಚ್ಚುತ್ತದೆಯೋ, ಯಾವ ಯಂತ್ರ ಹಳತಾಗುತ್ತದೆಯೋ ಹೇಳಲಾಗದು. ನೆಲ ಬದಲಾಗುವುದಂತೂ ನಿಶ್ಚಯ. ನಮ್ಮ ಪತ್ರ, ಕತೆ, ಲೆಕ್ಕ, ದಾಖಲೆಗಳನ್ನು ಅಕ್ಷರವನ್ನು ಅಕ್ಷರವಾಗಿಯೇ ಉಳಿಸುವ ಕ್ರಮದಲ್ಲಿ, ಎಲ್ಲರೂ ಓದಬಲ್ಲ ಕಡತಗಳಲ್ಲಿ ಇರಿಸಿಕೊಂಡರೆ ಅವು ನಮ್ಮ ಸಂಗಡ ಬರುತ್ತವೆ. ಇಲ್ಲವಾದರೆ ನಾವು ಹೊರಟಾಗ ಅವು ಅಲ್ಲಿಯೇ ಉಳಿಯುತ್ತವೆ.