ಪ್ಲೇಗಿನ ರೋಗಾಣುವೂ ಶಾಖದ ಸಂಕೇತವೂ

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ವೃತ್ತಾಂತವನ್ನು ಬೋಧಿಸುವಾಗ ನಾವು ಇತಿಹಾಸದ ಅಧ್ಯಾಪಕರು ಇಲಿಯನ್ನೂ ಚಿಗಟವನ್ನೂ ಹೆಸರಿಸಿ ಮುಂದೆ ಸಾಗುವುದು ವಾಡಿಕೆ. ಆದರೆ ಚಿಗಟದ ಒಡಲೊಳಗಿನ ವ್ಯಾಪಾರವನ್ನರಿಯದೆ ಆ ಪಿಡುಗಿನ ಗತಿ ಅರ್ಥವಾಗದು.

ಯೆರ್ಸಿನಿಯ ಪೆಸ್ಟಿಸ್ ಎಂಬ ಈ ರೋಗಾಣು ಎರಡು ಬಗೆಯ ಶರೀರಗಳಲ್ಲಿ ಬಾಳಬೇಕು. ಚಿಗಟದ ಮೈಗೆ ಸ್ವಂತ ಬಿಸಿಯಿಲ್ಲ. ಆ ತಂಪಿನಲ್ಲಿ ಎಚ್.ಎಂ.ಎಸ್. ಎಂಬ ಜೀನುಗಳ ಪ್ರೋಟೀನುಗಳು ಸಕ್ಕರೆಯ ಜಾತಿಯ ಅಂಟೊಂದನ್ನು ನಿರ್ಮಿಸುತ್ತವೆ. ಅಂಟಿನಲ್ಲಿ ಹುದುಗಿದ ರೋಗಾಣುಗಳ ಮುದ್ದೆಯನ್ನೇ ಬಯೋಫಿಲ್ಮ್ ಎನ್ನುವರು. ಅದು ಚಿಗಟದ ಜಠರದ ದ್ವಾರವನ್ನು ಮುಚ್ಚಿಬಿಡುತ್ತದೆ. ಹೀರಿದ ರಕ್ತ ಒಳಗಿಳಿಯದು. ಹಸಿದ ಚಿಗಟ ಮತ್ತೆ ಮತ್ತೆ ಕಚ್ಚುತ್ತದೆ. ಹಿಂದಿರುಗಿದ ರಕ್ತದೊಡನೆ ರೋಗಾಣುವೂ ಗಾಯವನ್ನು ಸೇರುತ್ತದೆ. ಬೇಕಾಟ್ ಮತ್ತು ಮಾರ್ಟಿನ್ ಎಂಬವರು ಈ ತಡೆಯನ್ನು 1914ರಲ್ಲಿಯೇ ವರ್ಣಿಸಿದ್ದರು. ಅದಕ್ಕೆ ಈ ಜೀನುಗಳು ಅವಶ್ಯವೆಂಬುದು 1996ರಲ್ಲಿ ಸ್ಥಿರಪಟ್ಟಿತು. (ತಡೆಯಿಲ್ಲದ ಚಿಗಟವೂ ಕೆಲವೊಮ್ಮೆ ರೋಗವನ್ನು ದಾಟಿಸುವುದುಂಟು.)

ಮನುಷ್ಯದೇಹದ 37 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಅಂಟನ್ನು ರಚಿಸುವ ಕೆಲವು ಪ್ರೋಟೀನುಗಳು ಕ್ಷೀಣಿಸುತ್ತವೆ. ಎಲ್.ಸಿ.ಆರ್.ಎಫ್. ಎಂಬ ನಿಯಂತ್ರಕ ಪ್ರೋಟೀನಿನ ಸಂದೇಶವನ್ನು ಹೊತ್ತ ಆರ್.ಎನ್.ಎ. ತಂಪಿನಲ್ಲಿ ಮಡಿಚಿಕೊಂಡಿದ್ದು, ಈ ಬಿಸಿಗೆ ಬಿಚ್ಚಿಕೊಳ್ಳುತ್ತದೆ. ಆಗ ಉತ್ಪನ್ನವಾದ ನಿಯಂತ್ರಕವು ಯಾಪ್ ಎಂಬ ಪ್ರೋಟೀನುಗಳ ಜೀನುಗಳನ್ನು ಎಚ್ಚರಗೊಳಿಸುತ್ತದೆ. ರೋಗಾಣುವನ್ನು ನುಂಗಬಂದ ಬಿಳಿಯ ರಕ್ತಕಣಗಳನ್ನು ಇವು ನಿಷ್ಕ್ರಿಯಗೊಳಿಸುತ್ತವೆ.

ಉತ್ತರ ಭಾರತದಲ್ಲಿ ಬಿರುಬೇಸಗೆ ಬಂದೊಡನೆ ಪ್ಲೇಗು ತಗ್ಗುತ್ತಿದ್ದುದನ್ನು ಅಂದಿನ ವರದಿಗಳು ದಾಖಲಿಸಿವೆ. ಆ ಬಿಸಿಯಲ್ಲಿ ಚಿಗಟದೊಳಗಿನ ತಡೆ ನಿಲ್ಲದಿದ್ದುದು ಅದಕ್ಕೊಂದು ಕಾರಣವಾಗಿರಬಹುದು. ಒಣಶಾಖಕ್ಕೆ ಚಿಗಟಗಳೇ ಸಾಯುವುದು ಇನ್ನೊಂದು.