ಮುಳ್ಳಿಲ್ಲದ ಕಳ್ಳಿ: ಮಂಗನ ಕೋಡು

ರಜೆಯಲ್ಲಿ ಊರಿಗೆ ಹೋದವರು ಬಂಡೆಯ ಸಂದಿನಿಂದ ಪುಟ್ಟ ಕಳ್ಳಿಯ ತುಂಡೊಂದನ್ನು ತಂದು ನಗರದ ಬಾಲ್ಕನಿಯ ಕುಂಡದಲ್ಲಿ ನೆಡುವುದುಂಟು. ನೀರಿಲ್ಲದೆಯೂ ಬದುಕುವ ಗಿಡವೆಂಬ ಮೆಚ್ಚುಗೆ ಒಂದು ಕಡೆ. ಬೊಜ್ಜು ಕರಗಿಸುವ ಮದ್ದೆಂಬ ಮಾತು ಇನ್ನೊಂದು ಕಡೆ. ಆದರೆ ನಾವು ಕಳ್ಳಿಯೆನ್ನುವುದೆಲ್ಲ ಒಂದೇ ಕುಲದ್ದಲ್ಲ. ಒಂದು ತಿನ್ನಲು ಯೋಗ್ಯ. ಮತ್ತೊಂದು ಕಣ್ಣಿಗೇ ಅಪಾಯ. ಆದುದರಿಂದ ಗುರುತನ್ನು ಮೊದಲು ಅರಿಯಬೇಕು.

ನಮ್ಮಲ್ಲಿ ಬೇಲಿಗೆ ಬೆಳೆಸುವ ಪಾಪಾಸುಕಳ್ಳಿ ನಿಜವಾದ ಕ್ಯಾಕ್ಟಸ್. ಅದರ ತವರು ಅಮೆರಿಕ ಖಂಡ. ದಖ್ಖನಿನ ಒಣ ಕಲ್ಲುನೆಲಕ್ಕೆ ಸಹಜವಾದ, ಕ್ಯಾಕ್ಟಸಿನಂತೆಯೇ ತೋರುವ ಪುಟ್ಟ ಹೂಗಿಡವೆಂದರೆ ಮಂಗನ ಕೋಡು. ಸಸ್ಯಶಾಸ್ತ್ರಜ್ಞರು ಇದನ್ನು ಕ್ಯಾರಲ್ಲುಮ ಎನ್ನುತ್ತಾರೆ. ಇದು ಎಕ್ಕದ ಕುಟುಂಬಕ್ಕೆ ಸೇರಿದ್ದು. ಮರಾಠಿಯಲ್ಲಿ ಇದು ‘ಮಾಕಡಶೇಂಗ’; ತೆಲುಗಿನಲ್ಲಿ ‘ಕುಂದೇಟಿ ಕೊಮ್ಮುಲು’, ಅಂದರೆ ಮೊಲದ ಕೊಂಬು. ಇಲ್ಲದ ವಸ್ತುವಿಗೆ ನಮ್ಮ ತಾರ್ಕಿಕರು ಕೊಡುತ್ತಿದ್ದ ದೃಷ್ಟಾಂತ ಬಂಡೆಗಳ ನಡುವೆ ಹೀಗೆ ಚಿಗುರಿ ನಿಂತಿರುವುದು ಸೋಜಿಗವೇ!

ಗುರುತುಗಳನ್ನು ಗಮನಿಸಿ. ಕಾಂಡ ರಸಭರಿತ, ಬೆರಳಿನಷ್ಟು ದಪ್ಪ, ಸುಮಾರು ಒಂದು ಗೇಣುದ್ದ. ಅದಕ್ಕೆ ನಾಲ್ಕು ಏಣುಗಳಿದ್ದು, ತುದಿಯ ಕಡೆಗೆ ಸಪೂರವಾಗುತ್ತದೆ. ಏಣಿನ ಮೇಲೆ ಹಲ್ಲಿನಂತಹ ಮೃದುವಾದ ಉಬ್ಬುಗಳಿರುತ್ತವೆ, ಮುಳ್ಳಿರುವುದಿಲ್ಲ. ಎಲೆಗಳು ಅತಿ ಚಿಕ್ಕವು, ಬೇಗನೆ ಉದುರುತ್ತವೆ. ಮಳೆಗಾಲ ಕಳೆಯುತ್ತಿದ್ದಂತೆ ಕಾಂಡದ ತುದಿಯಲ್ಲಿ ಐದು ಎಸಳಿನ, ನಕ್ಷತ್ರಾಕಾರದ, ಕಡುನೇರಳೆ ಬಣ್ಣದ ಸಣ್ಣ ಹೂಗಳು ಮೂಡುತ್ತವೆ. ಕೆಲವು ಬಗೆಗಳಲ್ಲಿ ಎಸಳಿನ ಅಂಚಿಗೆ ನವಿರಾದ ರೋಮಗಳೂ ಉಂಟು. ಬಳಿಕ ಬರುವ ಕಾಯಿಗಳು ಕೊಂಬುಗಳಂತೆ ಜೋಡಿಯಾಗಿರುತ್ತವೆ. ಅವು ಒಡೆದಾಗ ಎಕ್ಕದ ಬೀಜದಂತೆಯೇ ರೇಷ್ಮೆಗೂದಲಿನ ಬೀಜಗಳು ಗಾಳಿಯಲ್ಲಿ ತೇಲುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ರಸದ್ದು. ಮಂಗನ ಕೋಡನ್ನು ಮುರಿದರೆ ನೀರಿನಂತಹ ರಸ ಒಸರುತ್ತದೆ. ಹಾಲುಗಳ್ಳಿಯನ್ನು ಮುರಿದರೆ ಬಿಳಿಯ ಹಾಲು ಸುರಿಯುತ್ತದೆ. ಆ ಹಾಲು ಚರ್ಮವನ್ನು ಉರಿಸುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣುಪಾಪೆಯ ಮೇಲಣ ಪೊರೆಗೆ ಗಾಯವಾಗಿ ದೃಷ್ಟಿಗೇ ಕುಂದು ಬರಬಹುದು. ಹಾಗಾದಲ್ಲಿ ಕಣ್ಣನ್ನು ಉಜ್ಜದೆ, ಎಣ್ಣೆ ಅಥವಾ ಎದೆಹಾಲು ಹಾಕದೆ, ಶುದ್ಧ ನೀರಿನಿಂದ 15 ನಿಮಿಷವಾದರೂ ಎಡೆಬಿಡದೆ ತೊಳೆದು, ತಡಮಾಡದೆ ನೇತ್ರವೈದ್ಯರನ್ನು ಕಾಣಬೇಕು. ಗುರುತು ತಿಳಿಯದ ಕಳ್ಳಿಯನ್ನು ಪರೀಕ್ಷೆಗೆಂದು ಬರಿಗೈಯಲ್ಲಿ ಮುರಿಯಲೂ ಬಾರದು.

ಬರಗಾಲದಲ್ಲಿಯೂ ಬೇಟೆಯ ದಾರಿಯಲ್ಲಿಯೂ ಹಸಿವು ನೀರಡಿಕೆ ತಣಿಸಲು ಹಳ್ಳಿಗರೂ ಕಾಡುಜನರೂ ಮಂಗನ ಕೋಡನ್ನು ಹಸಿಯಾಗಿಯೇ ಅಗಿಯುತ್ತಿದ್ದರು. ಚಟ್ನಿ, ಉಪ್ಪಿನಕಾಯಿಗಳಿಗೂ ಬಳಸುತ್ತಿದ್ದರು. ಈ ಕೀರ್ತಿಯೇ ಇದನ್ನು ಇಂದು ಮಾತ್ರೆಯ ರೂಪದಲ್ಲಿ ಪೇಟೆಗೆ ತಂದಿದೆ. ಬೆಂಗಳೂರಿನ ಸಂಶೋಧಕರು 50 ಮಂದಿ ಸ್ಥೂಲಕಾಯರ ಮೇಲೆ 60 ದಿನ ನಡೆಸಿದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ದಿನಕ್ಕೆ 1 ಗ್ರಾಂ ಸಾರ ಸೇವಿಸಿದವರಲ್ಲಿ ಹಸಿವೂ ಸೊಂಟದ ಸುತ್ತಳತೆಯೂ ಕೊಂಚ ತಗ್ಗಿದವು. ಆದರೆ ತೂಕದಲ್ಲಿ, ಹುಸಿಮಾತ್ರೆ ನುಂಗಿದವರಿಗಿಂತ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಷ್ಟರಿಂದಲೇ ಇದನ್ನು ಬೊಜ್ಜಿನ ರಾಮಬಾಣವೆನ್ನುವುದು ಅತಿಶಯೋಕ್ತಿ. ಗರ್ಭಿಣಿಯರೂ, ಮಧುಮೇಹಕ್ಕೆ ಔಷಧ ಸೇವಿಸುವವರೂ ವೈದ್ಯರ ಸಲಹೆಯಿಲ್ಲದೆ ಇಂತಹ ಮಾತ್ರೆಗಳಿಗೆ ಕೈಹಾಕದಿರುವುದು ಕ್ಷೇಮ.

ಊರಿನ ಬಂಡೆಯ ಮೇಲೆ ಈ ಗಿಡ ಕಂಡರೆ ಬುಡಸಹಿತ ಕೀಳಬೇಡಿ. ಮಕ್ಕಳನ್ನು ಕರೆದು ಹೂವನ್ನು ತೋರಿಸಿ, ಹೆಸರನ್ನು ಹೇಳಿಕೊಡಿ. ನಮ್ಮ ನೆಲದ ಗಿಡದ ಪರಿಚಯ ಅವರಿಗೆ ದಕ್ಕಲಿ. ಗಿಡ ತನ್ನ ನೆಲದಲ್ಲಿಯೇ ಉಳಿಯಲಿ.